ಆಕಾಶವನ್ನು ಕೈಗಿತ್ತ ಗುರು

ಗುರುಮಠದಲ್ಲಿ ತತ್ತ್ವಶಾಸ್ತ್ರ ಕಲಿಯುತ್ತಿದ್ದ ದಿನಗಳಲ್ಲಿ ಮಧ್ಯಯುಗದ ಶಿಕ್ಷಣ ಎಂಬ ಪಾಠದಲ್ಲಿ ನಮಗೆ ‘ಕ್ವಾಡ್ರಿವಿಯಂ’ ಎಂಬ ಪದವೊಂದು ಎದುರಾಗುತ್ತಿತ್ತು. ಅಂಕಗಣಿತ, ಸಂಗೀತ, ರೇಖಾಗಣಿತ, ಖಗೋಳಶಾಸ್ತ್ರ ಎಂಬ ನಾಲ್ಕು ಪ್ರಾಚೀನ ವಿದ್ಯೆಗಳಿಗೆ ಇಟ್ಟ ಒಟ್ಟು ಹೆಸರು ಅದು. ಪರೀಕ್ಷೆಯಲ್ಲಿ ನಾಲ್ಕು ಹೆಸರುಗಳನ್ನು ಬರೆದರೆ ನಾಲ್ಕು ಅಂಕ. ನಾನೂ ಬರೆದೆ, ಅಂಕಗಳನ್ನೂ ಪಡೆದೆ. ಆದರೆ ಆ ಕಾಲದ ಹುಡುಗರು ಈ ವಿದ್ಯೆಗಳನ್ನು ಯಾವ ಸಾಮಗ್ರಿ ಹಿಡಿದು, ಹೇಗೆ ಕಲಿಯುತ್ತಿದ್ದರೆಂದು ನಾನು ಕೇಳಲಿಲ್ಲ, ಕಲಿಸಿದವರೂ ಹೇಳಲಿಲ್ಲ. ಅನೇಕ ವರ್ಷಗಳು ಕಳೆದ ಮೇಲೆ, ಧರ್ಮಕೇಂದ್ರದ ಮಕ್ಕಳ ಬೇಸಿಗೆ ಶಿಬಿರಕ್ಕೆ ಏನಾದರೂ ಹೊಸತು ಬೇಕೆಂದು ಪುಸ್ತಕಗಳನ್ನು ತಿರುವುತ್ತಿದ್ದಾಗ, ಸಾವಿರ ವರ್ಷಗಳ ಹಿಂದಿನ ಒಬ್ಬ ಶಾಲಾಗುರುವಿನ ಪರಿಚಯವಾಯಿತು. ಅವರ ಹೆಸರು ಗೆರ್ಬರ್ಟ್. ಕ್ರಿ.ಶ. 999ರಲ್ಲಿ ಅವರೇ ಎರಡನೇ ಸಿಲ್ವೆಸ್ಟರ್ ಎಂಬ ಹೆಸರಿನಿಂದ ಜಗದ್ಗುರುಗಳಾದರು. ಜಗದ್ಗುರು ಪೀಠವನ್ನೇರಿದ ಮೊದಲ ಫ್ರೆಂಚ್ ವ್ಯಕ್ತಿ ಅವರು. ಆದರೆ ನಾನಿಲ್ಲಿ ಹೇಳಹೊರಟಿರುವುದು ಜಗದ್ಗುರುವಿನ ಕುರಿತಲ್ಲ, ಅದಕ್ಕೂ ಮುಂಚೆ ರೀಮ್ಸ್ ನಗರದ ಪ್ರಧಾನಾಲಯದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಉಪಾಧ್ಯಾಯರ ಕುರಿತು.

ಗೆರ್ಬರ್ಟರು ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಒವೆರ್ನ್ ಪ್ರಾಂತ್ಯದಲ್ಲಿ, ಸುಮಾರು 946ರಲ್ಲಿ. ದೊಡ್ಡ ಮನೆತನವೇನಲ್ಲ. ಒರಿಯಾಕ್ ಎಂಬಲ್ಲಿನ ಸಂತ ಬೆನೆಡಿಕ್ಟರ ಸಭೆಯ ಮಠ ಅವರನ್ನು ಬಾಲ್ಯದಲ್ಲೇ ಸ್ವೀಕರಿಸಿ ಲ್ಯಾಟಿನ್ ವ್ಯಾಕರಣ ಕಲಿಸಿತು. 967ರಲ್ಲಿ ಬಾರ್ಸಿಲೋನಾದ ಪ್ರಭು ಬೊರೆಲ್ ಆ ಮಠಕ್ಕೆ ಬಂದಾಗ, ‘ನಿಮ್ಮ ನಾಡಿನಲ್ಲಿ ವಿದ್ಯೆಗಳಲ್ಲಿ ನುರಿತವರು ಇದ್ದಾರೆಯೇ?’ ಎಂದು ಮಠಾಧಿಪತಿಗಳು ವಿಚಾರಿಸಿದರಂತೆ. ಇದ್ದಾರೆ ಎಂಬ ಉತ್ತರ ಬಂದೊಡನೆ ಯುವಕ ಗೆರ್ಬರ್ಟನನ್ನು ಅವನೊಂದಿಗೆ ಕಳುಹಿಸಿಕೊಟ್ಟರು. ಒಬ್ಬ ಚುರುಕಾದ ಸನ್ಯಾಸಿಯನ್ನು ತನ್ನ ಮಠದಲ್ಲೇ ಉಳಿಸಿಕೊಳ್ಳದೆ, ತನಗೆ ಕಲಿಸಲು ಬಾರದ್ದನ್ನು ಕಲಿಯಲಿ ಎಂದು ಹೊರಗೆ ಕಳುಹಿಸಿದ ಆ ಹಿರಿಯರನ್ನು ನಾನು ಆಗಾಗ ನೆನೆಯುತ್ತೇನೆ. ಸ್ಪೇನಿನ ಉತ್ತರದಲ್ಲಿ, ವಿಕ್ ನಗರದ ಧರ್ಮಾಧ್ಯಕ್ಷ ಆಟ್ಟೊ ಅವರ ಬಳಿ ಗೆರ್ಬರ್ಟ್ ಗಣಿತವನ್ನು ಅಭ್ಯಾಸ ಮಾಡಿದರು. ಅದು ಕ್ರೈಸ್ತ ನಾಡು. ಆದರೆ ಗಡಿಯಾಚೆಗೆ ಅರಬ್ ವಿದ್ವತ್ತು ಬೆಳಗುತ್ತಿದ್ದ ಮುಸ್ಲಿಂ ಸ್ಪೇನ್ ಇತ್ತು, ಅಲ್ಲಿಂದ ಪುಸ್ತಕಗಳೂ ವಿಚಾರಗಳೂ ಹರಿದು ಬರುತ್ತಿದ್ದವು.

ಬಳಿಕ ರೋಮಿಗೆ ಯಾತ್ರೆ, ಅಲ್ಲಿ ಜಗದ್ಗುರುಗಳ ಮತ್ತು ಚಕ್ರವರ್ತಿ ಒಟ್ಟೊನ ಪರಿಚಯ. ಗಣಿತ ಸಾಕಷ್ಟು ತಿಳಿದಿದೆ, ತರ್ಕಶಾಸ್ತ್ರ ಕಲಿಯಬೇಕೆಂದಿದ್ದೇನೆ ಎಂದು ಗೆರ್ಬರ್ಟ್ ಹೇಳಿದರು. ರೀಮ್ಸಿನ ಗೆರಾನ್ನುಸ್ ಎಂಬ ಗುರುಗಳು ತರ್ಕದಲ್ಲಿ ಹೆಸರಾದವರು. ಇಬ್ಬರಿಗೂ ಒಪ್ಪಂದವಾಯಿತು: ಅವರು ಇವರಿಗೆ ತರ್ಕ ಕಲಿಸುವುದು, ಇವರು ಅವರಿಗೆ ಗಣಿತ ಕಲಿಸುವುದು. ಗೆರಾನ್ನುಸ್ ಅವರು ಸಂಗೀತದ ಲೆಕ್ಕಾಚಾರದವರೆಗೆ ಬಂದು, ಇದು ತಮ್ಮಿಂದಾಗದೆಂದು ಕೈಬಿಟ್ಟರಂತೆ. ಗೆರ್ಬರ್ಟರು ಮಾತ್ರ ತರ್ಕವನ್ನು ಮುಗಿಸಿದರು, ರೀಮ್ಸಿನ ಮಹಾಧರ್ಮಾಧ್ಯಕ್ಷ ಅದಾಲ್ಬೆರೊ ಅವರನ್ನು ಶಾಲೆಯ ಮುಖ್ಯಸ್ಥರನ್ನಾಗಿ ನೇಮಿಸಿದರು.

ಇಷ್ಟೆಲ್ಲ ನಮಗೆ ತಿಳಿದಿರುವುದು ಅವರ ಶಿಷ್ಯನೊಬ್ಬನ ದೆಸೆಯಿಂದ. ರಿಷೇರ್ ಎಂಬ ಸನ್ಯಾಸಿ ತನ್ನ ಕಾಲದ ಇತಿಹಾಸವನ್ನು ಬರೆಯುತ್ತ, ಗುರುವಿನ ಪಾಠಕ್ರಮಕ್ಕೆ ಹಲವು ಪುಟಗಳನ್ನು ಮೀಸಲಿಟ್ಟ. ಅವನ ಕೈಬರಹದ ಮೂಲಪ್ರತಿ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳದೆ ಇದ್ದು, 1833ರಲ್ಲಿ ಜರ್ಮನಿಯ ಬಾಂಬೆರ್ಗ್ ನಗರದಲ್ಲಿ ದೊರಕಿತು. ಗುರು ಏನು ಬೋಧಿಸಿದರು ಎನ್ನುವುದಕ್ಕಿಂತ ಯಾವ ವಸ್ತುವನ್ನು ಮಾಡಿಸಿದರು, ಅದಕ್ಕೆ ಏನೇನು ಬಳಸಿದರು ಎಂಬುದನ್ನೇ ರಿಷೇರ್ ಹೆಚ್ಚಾಗಿ ವಿವರಿಸುತ್ತಾನೆ. ತರಗತಿಯಲ್ಲಿ ಕುಳಿತಿದ್ದವನಿಗೆ ನೆನಪುಳಿದದ್ದು ಅದು.

ಮೊದಲನೆಯದು ಮಣೆಕಟ್ಟು, ಅಂದರೆ ಅಬ್ಯಾಕಸ್. ಅದನ್ನು ಮಾಡಲು ಗೆರ್ಬರ್ಟರು ಕರೆಸಿದ್ದು ಒಬ್ಬ ಗುರಾಣಿ ತಯಾರಕನನ್ನು! ಚರ್ಮದ ಕೆಲಸ ಬಲ್ಲ ಅವನು ಮಣೆಯ ಉದ್ದಕ್ಕೂ 27 ಮನೆಗಳನ್ನು ಮಾಡಿಕೊಟ್ಟ. ಅದರ ಮೇಲೆ ಇಡಲು ಪ್ರಾಣಿಗಳ ಕೊಂಬಿನಿಂದ ಸಾವಿರ ಬಿಲ್ಲೆಗಳನ್ನು ಕತ್ತರಿಸಲಾಯಿತು, ಒಂದೊಂದರ ಮೇಲೂ ಒಂಬತ್ತು ಅಂಕಿಗಳಲ್ಲಿ ಒಂದನ್ನು ಗುರುತಿಸಲಾಯಿತು.

ಇದರ ಮಹತ್ವ ಓದಿದಾಗ ನನಗೆ ಹೊಳೆಯಲಿಲ್ಲ. ಶಿಬಿರದಲ್ಲಿ ಮಕ್ಕಳೊಡನೆ ಮಾಡಿದಾಗ ಹೊಳೆಯಿತು. ಜಗಲಿಯ ಮೇಲೆ ಸೀಮೆಸುಣ್ಣದಿಂದ ಬಿಡಿ, ಹತ್ತು, ನೂರು ಎಂದು ಮೂರು ಮನೆಗಳನ್ನು ಬರೆದು, ಹುಣಸೆಬೀಜಗಳನ್ನು ಹಂಚಿ, 888ನ್ನು ಇಡಲು ಹೇಳಿದೆ. ರೋಮನ್ನರು ಕಲ್ಲುಗಳಿಂದ ಮಾಡುತ್ತಿದ್ದ ಬಗೆ ಸ್ಥೂಲವಾಗಿ ಹೀಗೆಯೇ. ಪ್ರತಿ ಮನೆಗೂ ಎಂಟೆಂಟು, ಒಟ್ಟು 24 ಬೀಜಗಳು ಬೇಕಾದವು. ರೋಮನ್ ಲಿಪಿಯಲ್ಲಿ ಅದೇ ಸಂಖ್ಯೆಯನ್ನು ಬರೆಯಲು 12 ಅಕ್ಷರಗಳು ಬೇಕು. ಅನಂತರ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ದುಂಡಗೆ ಕತ್ತರಿಸಿ, ಅಂಕಿಗಳನ್ನು ಬರೆದು, ಕೊಂಬಿನ ಬಿಲ್ಲೆಗಳ ಬದಲಿಗೆ ಕೊಟ್ಟೆ. ಈಗ ಮೂರೇ ಬಿಲ್ಲೆ ಸಾಕು. ಮೂರೂ ಎಂಟರ ಬಿಲ್ಲೆಯೇ; ಆದರೆ ಕುಳಿತ ಮನೆಯನ್ನು ನೋಡಿಕೊಂಡು ಒಂದು ಎಂಟಾಗುತ್ತದೆ, ಇನ್ನೊಂದು ಎಂಬತ್ತಾಗುತ್ತದೆ, ಮತ್ತೊಂದು ಎಂಟುನೂರಾಗುತ್ತದೆ. ಸ್ಥಾನಬೆಲೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ಮಕ್ಕಳು ಅದೇ ಮೊದಲ ಸಲ ಕೇಳಿದವರಂತೆ ಬಿಲ್ಲೆಗಳನ್ನು ಅತ್ತಿತ್ತ ಸರಿಸಿ ನೋಡತೊಡಗಿದರು.

ಮುಂದಿನ ಸಂಖ್ಯೆ 808. ಆರನೇ ತರಗತಿಯ ಹುಡುಗನೊಬ್ಬ ಬಿಲ್ಲೆಗಳ ರಾಶಿಯನ್ನು ಕೆದಕಿ ಕೆದಕಿ, “ಫಾದರ್, ಸೊನ್ನೆ ಎಲ್ಲಿ?” ಎಂದು ಕೇಳಿದ.

ಸೊನ್ನೆ ಇರಲಿಲ್ಲ. ಗೆರ್ಬರ್ಟರ ಮಣೆಯಲ್ಲೂ ಇರಲಿಲ್ಲ. ಹತ್ತರ ಮನೆಯನ್ನು ಖಾಲಿ ಬಿಟ್ಟರಾಯಿತು, ಬಿಲ್ಲೆಯ ಅಗತ್ಯವೇ ಇಲ್ಲ. ಆದರೆ ಮನೆಯ ಗೆರೆಗಳನ್ನು ಅಳಿಸಿ ನೋಡು ಎಂದೆ. ಅಳಿಸಿದ. ಈಗ ಉಳಿದದ್ದು ಎರಡು ಎಂಟುಗಳು. ಅದು 88ಓ, 808ಓ, 880ಓ ಯಾರು ಹೇಳಬೇಕು? ‘ಏನೂ ಇಲ್ಲ’ ಎಂಬುದಕ್ಕೂ ಒಂದು ಚಿಹ್ನೆ ಏಕೆ ಬೇಕಾಯಿತೆಂದು ಆ ಹುಡುಗನಿಗೆ ನಾನು ವಿವರಿಸಬೇಕಾಗಲಿಲ್ಲ.

ಇಲ್ಲಿ ನಮ್ಮ ನಾಡಿನ ಮಾತು ಸಹಜವಾಗಿಯೇ ಬರುತ್ತದೆ. ಆ ಒಂಬತ್ತು ಅಂಕಿಗಳು ಭಾರತದಿಂದ ಹೊರಟು, ಅರಬರ ಮೂಲಕ ಸ್ಪೇನ್ ತಲುಪಿದ್ದವು. ಯೂಫ್ರೆಟಿಸ್ ನದಿಯ ದಡದ ಮಠದಲ್ಲಿದ್ದ ಸಿರಿಯಾದ ಧರ್ಮಾಧ್ಯಕ್ಷ ಸೆವೆರುಸ್ ಸೆಬೊಖ್ತ್ ಅವರು 662ರಷ್ಟು ಹಿಂದೆಯೇ ಭಾರತೀಯರ ಒಂಬತ್ತು ಚಿಹ್ನೆಗಳ ಲೆಕ್ಕವನ್ನು ಮೆಚ್ಚಿ ಬರೆದಿದ್ದರು, ಗ್ರೀಕರೊಬ್ಬರೇ ಜ್ಞಾನಿಗಳೆಂದು ಬೀಗುವವರಿಗೆ ಉತ್ತರವಾಗಿ. ಸ್ಪೇನಿನ ಆಲ್ಬೆಲ್ಡಾ ಮಠದಲ್ಲಿ 976ರಲ್ಲಿ ಸನ್ಯಾಸಿಗಳು ಬರೆದು ಮುಗಿಸಿದ ಹಸ್ತಪ್ರತಿಯಲ್ಲಿ ಆ ಒಂಬತ್ತು ಅಂಕಿಗಳು ಮೂಡಿವೆ, ಜೊತೆಗೆ ಅವನ್ನು ಕಂಡುಹಿಡಿದ ಭಾರತೀಯರ ಬುದ್ಧಿಯ ಪ್ರಶಂಸೆಯೂ ಇದೆ. ಸೊನ್ನೆ ಮಾತ್ರ ಅಲ್ಲಿಲ್ಲ. ಬ್ರಹ್ಮಗುಪ್ತರು 628ರಲ್ಲಿಯೇ ಸೊನ್ನೆಯೊಡನೆ ಕೂಡುವ ಕಳೆಯುವ ನಿಯಮಗಳನ್ನು ಬರೆದಿದ್ದರು. ರಾಷ್ಟ್ರಕೂಟ ನೃಪತುಂಗನ ಆಶ್ರಯದಲ್ಲಿ ನಮ್ಮ ಮಹಾವೀರಾಚಾರ್ಯರು ಸುಮಾರು 850ರ ಹೊತ್ತಿಗೆ ಅದನ್ನೇ ಪಾಠದ ವಿಷಯವನ್ನಾಗಿಸಿದ್ದರು. ಹೀಗಿದ್ದರೂ ಗೆರ್ಬರ್ಟರ ಶಿಷ್ಯರು ಬಿಲ್ಲೆಯಿಲ್ಲದ ಮನೆಯನ್ನೇ ನಂಬಿಕೊಂಡಿದ್ದರು. ವಿದ್ಯೆಯೂ ನಮ್ಮ ಹಳ್ಳಿಯ ಕೊನೆಯ ಬಸ್ಸಿನಂತೆ. ಬರುತ್ತದೆ, ಎಲ್ಲರೂ ಒಟ್ಟಿಗೇ ಇಳಿಯುವುದಿಲ್ಲ.

ಸಂಗೀತದ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ನಾನೂ ಗೆರಾನ್ನುಸ್ ಅವರ ಪಂಗಡದವನು. ಒಂದೇ ತಂತಿಯ ವಾದ್ಯವನ್ನು ಮಾಡಿ, ತಂತಿಯನ್ನು ಎಲ್ಲೆಲ್ಲಿ ಒತ್ತಿದರೆ ಯಾವ ಸ್ವರ ಬರುತ್ತದೆಂದು ಅಳತೆಯಿಂದ ತೋರಿಸುವುದು ಗೆರ್ಬರ್ಟರ ಕ್ರಮ. ಅರ್ಧಕ್ಕೆ ಒತ್ತಿದರೆ ಮೇಲಿನ ಷಡ್ಜ, ಮೂರರಲ್ಲಿ ಎರಡು ಪಾಲು ಮಿಡಿದರೆ ಪಂಚಮ, ನಾಲ್ಕರಲ್ಲಿ ಮೂರು ಪಾಲು ಮಿಡಿದರೆ ಮಧ್ಯಮ. ಪಿತಾಗೊರಸನ ಹೆಸರಿನಲ್ಲಿ ಬಂದ, ಬೊಯೆಥಿಯುಸನ ಪುಸ್ತಕಗಳಲ್ಲಿ ಉಳಿದ ಈ ತಿಳಿವಳಿಕೆ ಅವರ ತರಗತಿಯಲ್ಲಿ ಕಿವಿಗೆ ಕೇಳಿಸುತ್ತಿತ್ತು.

ಅವರು ಅತ್ಯಂತ ಶ್ರಮ ವಹಿಸಿದ್ದು ಖಗೋಳದ ಮೇಲೆ. ಗಟ್ಟಿ ಮರದ ಗೋಳವೊಂದನ್ನು ಮಾಡಿಸಿ, ಧ್ರುವಗಳನ್ನು ಓರೆಯಾಗಿ ನಿಲ್ಲಿಸಿ, ನಕ್ಷತ್ರಗಳ ಉದಯಾಸ್ತಗಳನ್ನು ತೋರಿಸುತ್ತಿದ್ದರು. ರಾತ್ರಿ ಶಿಷ್ಯರನ್ನು ಹೊರಗೆ ಕರೆದೊಯ್ದು ಅದೇ ಉದಯಾಸ್ತಗಳನ್ನು ಆಕಾಶದಲ್ಲಿ ನೋಡಿಸುತ್ತಿದ್ದರು. ಮಧ್ಯಯುಗದ ಜನರೆಲ್ಲ ಭೂಮಿ ಚಪ್ಪಟೆ ಎಂದು ನಂಬಿದ್ದರೆಂದು ಇಂದಿಗೂ ಕೆಲವರು ಬರೆಯುವುದುಂಟು. ಆ ಕಾಲದ ಶಾಲೆಗಳಲ್ಲಿ ಓದುತ್ತಿದ್ದ ಪುಸ್ತಕಗಳು ಭೂಮಿ ಗುಂಡಗಿದೆ ಎಂದೇ ಹೇಳುತ್ತಿದ್ದವು. ಇನ್ನೊಂದು ಗೋಳದಲ್ಲಿ ನಕ್ಷತ್ರಪುಂಜಗಳ ಆಕೃತಿಗಳನ್ನು ಕಬ್ಬಿಣ ಮತ್ತು ತಾಮ್ರದ ತಂತಿಗಳಿಂದ ಬಗ್ಗಿಸಿ ಕೂರಿಸಿದ್ದರು, ಅದರ ಅಚ್ಚಿನ ಜಾಗದಲ್ಲಿ ಒಂದು ಕೊಳವೆ. ಕೊಳವೆಯನ್ನು ಧ್ರುವದತ್ತ ಹಿಡಿದು, ಯಾವುದಾದರೂ ಒಂದು ಪುಂಜವನ್ನು ಆಕಾಶದ ಪುಂಜಕ್ಕೆ ಹೊಂದಿಸಿಬಿಟ್ಟರೆ, ಉಳಿದೆಲ್ಲವೂ ತಾವಾಗಿಯೇ ಹೊಂದಿಕೊಳ್ಳುತ್ತಿದ್ದವು. ಒಂದನ್ನು ತೋರಿಸಿಕೊಟ್ಟರೆ ಸಾಕು, ಏನೂ ಅರಿಯದವನು ಕೂಡ ಮಿಕ್ಕವನ್ನು ಉಪಾಧ್ಯಾಯನಿಲ್ಲದೆಯೇ ಗುರುತಿಸಬಲ್ಲ ಎಂದು ರಿಷೇರ್ ಬೆರಗಿನಿಂದ ದಾಖಲಿಸುತ್ತಾನೆ. ‘ಉಪಾಧ್ಯಾಯನಿಲ್ಲದೆಯೇ’ ಎಂಬ ಆ ಮಾತು ನನ್ನನ್ನು ಬಹಳ ದಿನ ಕಾಡಿತು. ತನ್ನ ಅಗತ್ಯವೇ ಇಲ್ಲದಂತೆ ಮಾಡುವ ಸಾಧನವನ್ನು ಒಬ್ಬ ಗುರು ತಾನೇ ನಿರ್ಮಿಸಿ ಶಿಷ್ಯನ ಕೈಗೆ ಕೊಡುತ್ತಾನೆ!

ಇಂತಹ ಗೋಳಗಳಿಗೆ ಬೇಡಿಕೆಯೂ ಇತ್ತು. ಟ್ರಿಯರ್ ನಗರದ ಸನ್ಯಾಸಿ ರೆಮಿಜಿಯುಸ್ ಒಂದನ್ನು ಕೇಳಿದಾಗ, ಇದು ಅಲ್ಪ ಶ್ರಮದ ಕೆಲಸವಲ್ಲ, ಬೇಕಾದರೆ ಸ್ಟೇಷಿಯಸ್ ಕವಿಯ ‘ಅಕಿಲಿಯಡ್’ ಕಾವ್ಯವನ್ನು ಚೆನ್ನಾಗಿ ಪ್ರತಿಮಾಡಿ ಕಳುಹಿಸಿ ಎಂದು ಗೆರ್ಬರ್ಟರು ವ್ಯಾಪಾರ ಕುದುರಿಸಿದರು. ಬಂದ ಪ್ರತಿ ಅಪೂರ್ಣ. ಪಾಪ, ಆ ಕವಿಯೇ ಕಾವ್ಯವನ್ನು ಪೂರ್ತಿ ಮಾಡದೆ ತೀರಿಕೊಂಡಿದ್ದ! 989ರ ಪತ್ರದಲ್ಲಿ ಗೆರ್ಬರ್ಟರು ಬರೆಯುತ್ತಾರೆ: ಗೋಳವನ್ನು ಕಡೆದು ನಯಗೊಳಿಸಿದ್ದಾಗಿದೆ, ಕುದುರೆಯ ಚರ್ಮ ಹೊದಿಸಿದ್ದಾಗಿದೆ, ಅವಸರವಿದ್ದರೆ ಬರೀ ಕೆಂಪು ಬಣ್ಣದ್ದನ್ನು ಮಾರ್ಚ್ ಹೊತ್ತಿಗೆ ಪಡೆಯಬಹುದು, ಬಣ್ಣಬಣ್ಣದ ಗುರುತುಗಳೂ ದಿಗಂತದ ವೃತ್ತವೂ ಬೇಕಿದ್ದರೆ ಅದು ವರ್ಷದ ಕೆಲಸ, ಕಾಯಬೇಕು. ನಮ್ಮ ಚನ್ನಪಟ್ಟಣದ ಕುಶಲಕರ್ಮಿಯೊಬ್ಬ ಗಿರಾಕಿಗೆ ಹೇಳುವಂತೆಯೇ ಇದೆ. ಮುಂದೆ ಪೇತ್ರನ ಪೀಠದಲ್ಲಿ ಕುಳಿತವರ ಕೈಗಳಿಗೆ ಅಂಟೂ ಬಣ್ಣವೂ ಮೆತ್ತಿಕೊಂಡಿದ್ದವೆಂದು ನೆನೆದರೆ ಮನಸ್ಸಿಗೆ ಹಿತವೆನಿಸುತ್ತದೆ. ಬಡಗಿಯ ಮನೆಯಲ್ಲಿ ಬೆಳೆದ ನಮ್ಮ ಪ್ರಭುವೂ ಸ್ವರ್ಗಸಾಮ್ರಾಜ್ಯದ ವಿಷಯವನ್ನು ಹೇಳುವಾಗ ಸಾಸಿವೆಕಾಳು, ಹುಳಿಹಿಟ್ಟು, ಬಲೆಗಳನ್ನು ಬಿಟ್ಟು ದೂರ ಹೋಗಲಿಲ್ಲ.

ಆದರೆ ಕೈಯಿಂದ ಮಾಡುವುದೆಂದರೆ ಆಟವಾಡಿ ಎದ್ದು ಹೋಗುವುದಲ್ಲ ಎಂಬುದಕ್ಕೆ ಅವರ ಇನ್ನೊಂದು ಪತ್ರ ಸಾಕ್ಷಿ. ಮುಂದೆ ಉಟ್ರೆಕ್ಟಿನ ಧರ್ಮಾಧ್ಯಕ್ಷರಾದ ಅಡೆಲ್ಬೋಲ್ಡರಿಗೆ ಒಂದು ಸಂದೇಹ. ಬಾಹುಗಳೆಲ್ಲ 7 ಅಡಿ ಇರುವ ತ್ರಿಕೋನದ ವಿಸ್ತೀರ್ಣಕ್ಕೆ ಪ್ರಾಚೀನರಿಂದ ಎರಡು ಲೆಕ್ಕಗಳು ಬಂದಿದ್ದವು. ಒಂದರ ಪ್ರಕಾರ ಉತ್ತರ 28, ಇನ್ನೊಂದರ ಪ್ರಕಾರ 21. ಎರಡೂ ಪೂಜ್ಯ ಗ್ರಂಥಗಳ ಮಾತು, ಯಾವುದನ್ನು ಅಲ್ಲಗಳೆಯುವುದು? ಗೆರ್ಬರ್ಟರು ಗ್ರಂಥಕ್ಕೆ ಗ್ರಂಥವನ್ನು ಎದುರಿಡಲಿಲ್ಲ. ತ್ರಿಕೋನದ ಮೇಲೆ ಪುಟ್ಟ ಚೌಕಗಳನ್ನು ಜೋಡಿಸಿದ ಚಿತ್ರವನ್ನು ಬರೆದು ಕಳುಹಿಸಿದರು. ಬುಡದಲ್ಲಿ ಏಳು ಚೌಕ, ಮೇಲೆ ಆರು, ಅದರ ಮೇಲೆ ಐದು, ಹೀಗೆ ತುದಿಗೆ ಒಂದು, ಕೂಡಿದರೆ 28. ಆದರೆ ಅಂಚಿನ ಚೌಕಗಳ ಮೂಲೆಗಳು ತ್ರಿಕೋನದ ಗೆರೆಯಿಂದ ಹೊರಕ್ಕೆ ಚಾಚಿಕೊಂಡಿರುತ್ತವೆ. ಹೊರಗಿನ ತುಂಡುಗಳನ್ನೂ ಒಳಗಿನದೆಂದು ಎಣಿಸಿದ್ದರಿಂದ ಮೊದಲ ಲೆಕ್ಕ ಹೆಚ್ಚಾಯಿತು. ಏಳರ ಬಾಹುವಿಗೆ ಎತ್ತರ ಆರು ಎಂದು ಹಿಡಿದ ಎರಡನೆಯದೇ ಸರಿ, 21. ಇಂದಿನ ನಿಖರ ಲೆಕ್ಕದಲ್ಲೂ ಅದು 21ಕ್ಕಿಂತ ತುಸುವೇ ಹೆಚ್ಚು. ಓದುಗರು ಮನೆಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಕತ್ತರಿಸಿ ಇದನ್ನು ಮಾಡಿ ನೋಡಬಹುದು. ಅರ್ಧ ಗಂಟೆಯ ಕೆಲಸ. ಮೊದಲ ಲೆಕ್ಕ ತಪ್ಪು ಎಂದಷ್ಟೇ ಅಲ್ಲ, ಎಲ್ಲಿ ತಪ್ಪಿತು ಎಂಬುದೂ ಕಾಣುತ್ತದೆ.

ಇಷ್ಟು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ತೋರಿಸಿಕೊಟ್ಟ ಮನುಷ್ಯನಿಗೆ ಇತಿಹಾಸ ಕಟ್ಟಿದ ಹೆಸರಾದರೂ ಎಂಥದು? ಮಾಂತ್ರಿಕ!

ಗೆರ್ಬರ್ಟರು 1003ರ ಮೇ 12ರಂದು ತೀರಿಕೊಂಡರು. ಆ ಶತಮಾನ ಮುಗಿಯುವುದರೊಳಗೆ, ಜಗದ್ಗುರು ಏಳನೇ ಗ್ರೆಗೊರಿಯವರ ವಿರುದ್ಧ ನಿಂತಿದ್ದ ಬೆನೊ ಎಂಬ ಕಾರ್ಡಿನಲ್, ಗ್ರೆಗೊರಿಯವರಿಗೆ ಮಸಿ ಬಳಿಯುವ ಭರದಲ್ಲಿ, ರೋಮಿನ ಮಾಟವಿದ್ಯೆಯ ಮೂಲಪುರುಷ ಗೆರ್ಬರ್ಟ್ ಎಂದು ಬರೆದರು. ಸುಮಾರು 1125ರಲ್ಲಿ ಇಂಗ್ಲೆಂಡಿನ ಸನ್ಯಾಸಿ ಮಾಮ್ಸ್‌ಬರಿಯ ವಿಲಿಯಂ ಆ ಕತೆಗೆ ರೆಕ್ಕೆಪುಕ್ಕ ಕಟ್ಟಿದರು. ಗೆರ್ಬರ್ಟ್ ಸ್ಪೇನಿನಲ್ಲಿ ಮಂತ್ರದ ಪುಸ್ತಕವನ್ನು ಕದ್ದರಂತೆ. ಲೋಹದ ತಲೆಯೊಂದನ್ನು ಎರಕಹೊಯ್ದರಂತೆ, ಅದು ಕೇಳಿದ್ದಕ್ಕೆ ಹೌದು, ಅಲ್ಲ ಎಂದು ಉತ್ತರಿಸುತ್ತಿತ್ತಂತೆ. ಜೆರುಸಲೇಮಿನಲ್ಲಿ ಬಲಿಪೂಜೆ ಅರ್ಪಿಸುವ ತನಕ ಸಾವಿಲ್ಲ ಎಂದು ಅದು ಹೇಳಿತಂತೆ. ರೋಮಿನಲ್ಲೇ ಜೆರುಸಲೇಮ್ ಎಂಬ ಹೆಸರಿನ ದೇವಾಲಯವಿದ್ದದ್ದನ್ನು ಮರೆತು ಅಲ್ಲಿ ಪೂಜೆ ಮಾಡಿದ್ದರಿಂದ ಸಾವು ಬಂತು, ತಮ್ಮ ದೇಹವನ್ನು ತುಂಡರಿಸಿ ಎಸೆಯಿರೆಂದು ಅವರೇ ಆಜ್ಞಾಪಿಸಿದರು ಎಂದೆಲ್ಲ ಕತೆ ಬೆಳೆಯಿತು. 1648ರಲ್ಲಿ ಲ್ಯಾಟರನ್ ಮಹಾದೇವಾಲಯದ ದುರಸ್ತಿಯ ವೇಳೆ ಸಮಾಧಿಯನ್ನು ತೆರೆದಾಗ, ದೇಹ ಇಡಿಯಾಗಿಯೇ ಇತ್ತು, ಗಾಳಿ ಸೋಕಿದೊಡನೆ ಪುಡಿಯಾಯಿತು ಎಂದು ಅಲ್ಲಿನ ಒಬ್ಬ ಗುರುವಿನ ಬರಹ ತಿಳಿಸುತ್ತದೆ.

ಈ ಕತೆಗಳನ್ನು ಬರೆದವರು ಅಜ್ಞಾನಿಗಳಲ್ಲ, ಓದಿದವರು, ಧರ್ಮಸಭೆಯ ಒಳಗಿನವರೇ. ಅದೇ ನನ್ನನ್ನು ಚುಚ್ಚುವುದು. ಅವರು ಗೆರ್ಬರ್ಟರ ಮಣೆಯ ಮುಂದೆ ಕುಳಿತಿರಲಿಲ್ಲ, ಗೋಳವನ್ನು ತಿರುಗಿಸಿರಲಿಲ್ಲ. ಬಿಲ್ಲೆಗಳನ್ನು ಸ್ವತಃ ಸರಿಸಿದ ರಿಷೇರನ ಬರಹದಲ್ಲಿ ಮಾಟದ ಸುಳಿವೇ ಇಲ್ಲ. ಬರೀ ಹೆಸರು ಕೇಳಿದವರ ಬರಹದಲ್ಲಿ ದೆವ್ವಗಳು ಕಾಣಿಸಿಕೊಂಡವು. ಮಾಟದಲ್ಲಿ ಗುಟ್ಟು ಮಾಂತ್ರಿಕನ ಬಳಿಯೇ ಉಳಿಯಬೇಕು. ರೀಮ್ಸಿನ ಶಾಲೆಯಲ್ಲಿ ನಡೆದದ್ದು ಅದರ ತದ್ವಿರುದ್ಧ.

ನಮ್ಮ ಶಿಬಿರದ ಮೂರನೆಯ ದಿನ ಒಬ್ಬ ತಾಯಿ ಬಂದು, “ಫಾದರ್, ಹುಣಸೆಬೀಜ ಆಡಿಸೋದಕ್ಕೆ ಇಷ್ಟು ದೂರ ಕಳಿಸಬೇಕಾ? ಮನೇಲಿ ಕೂತು ಮುಂದಿನ ವರ್ಷದ ಲೆಕ್ಕ ಮಾಡಿದ್ದರೆ ಆಗ್ತಿರಲಿಲ್ವಾ?” ಎಂದು ಸಂಕೋಚದಿಂದಲೇ ಕೇಳಿದರು. ನಾನು ಸಿಟ್ಟಾಗಲಿಲ್ಲ. ಮಗನ ಟ್ಯೂಷನ್‌ಗೆಂದು ಆಕೆ ಎಷ್ಟು ಹೊತ್ತು ಹೊಲಿಗೆಯಂತ್ರದ ಮುಂದೆ ಕೂರುತ್ತಾರೆಂದು ನನಗೆ ಗೊತ್ತು. ನಾಲ್ಕು ಹೆಸರು ಬರೆದು ನಾಲ್ಕು ಅಂಕ ಪಡೆದು ಗುರುವಾದ ನಾನು ಆಕೆಗೆ ಯಾವ ಬಾಯಿಂದ ಉಪದೇಶ ಮಾಡಲಿ? ಸಂಜೆ ನೀವೂ ಬನ್ನಿ ಎಂದಷ್ಟೇ ಹೇಳಿದೆ.

ಸಂಜೆಗೆ ಗೆರ್ಬರ್ಟರ ಕೊಳವೆಯನ್ನು ಇಟ್ಟುಕೊಂಡಿದ್ದೆವು. ಫ್ಲೂರಿ ಮಠದ ತಮ್ಮ ಮಿತ್ರ ಕಾನ್‌ಸ್ಟಂಟೈನರಿಗೆ ಅವರು ಅದನ್ನು ವಿವರಿಸಿ ಬರೆದಿದ್ದಾರೆ. ಅರ್ಧಗೋಳವೊಂದಕ್ಕೆ ಅರ್ಧ ಅಡಿ ಉದ್ದದ ಏಳು ಕೊಳವೆಗಳು, ಎರಡು ಧ್ರುವಗಳಿಗೆ ಎರಡು, ನಡುವಿನ ಐದು ವೃತ್ತಗಳಿಗೆ ಐದು. ಅದರಲ್ಲಿ ಮಸೂರವೇನೂ ಇಲ್ಲ, ದೂರದರ್ಶಕ ಬರಲು ಇನ್ನೂ ಆರು ಶತಮಾನಗಳಿದ್ದವು. ಅಕ್ಕಪಕ್ಕದ ಬೆಳಕನ್ನು ಮರೆಮಾಡಿ ನೋಟವನ್ನು ಒಂದೇ ಕಡೆಗೆ ನಿಲ್ಲಿಸುವುದಷ್ಟೇ ಅದರ ಕೆಲಸ. ಧ್ರುವನಕ್ಷತ್ರ ಯಾವುದೆಂಬ ಸಂದೇಹವಿದ್ದರೆ ಕೊಳವೆಯನ್ನು ಅದರತ್ತ ಅಲುಗದಂತೆ ಕಟ್ಟಿಬಿಡಿ, ರಾತ್ರಿಯಿಡೀ ಕಾಣಿಸಿದರೆ ಅದೇ, ಬೇರೆಯದಾಗಿದ್ದರೆ ಸ್ವಲ್ಪದರಲ್ಲೇ ಮರೆಯಾಗುತ್ತದೆ ಎಂಬುದು ಅವರು ಕೊಡುವ ಸೂಚನೆ. ಈಗ ನಾವು ಧ್ರುವವೆಂದು ಕರೆಯುವ ನಕ್ಷತ್ರ ಅವರ ಕಾಲದಲ್ಲಿ ಆಕಾಶದ ಧ್ರುವಬಿಂದುವಿಗೆ ಇಂದಿನಷ್ಟು ಸಮೀಪವಿರಲಿಲ್ಲ, ಆದ್ದರಿಂದ ನಮ್ಮ ಕೆಲಸ ಅವರದಕ್ಕಿಂತ ಸುಲಭ. ಇನ್ನೊಂದು ಬಗೆಯಲ್ಲಿ ಕಷ್ಟ: ರೀಮ್ಸಿನಲ್ಲಿ ಧ್ರುವ ಅರ್ಧ ಆಕಾಶದ ಎತ್ತರದಲ್ಲಿದ್ದರೆ, ಕರ್ನಾಟಕದ ದಕ್ಷಿಣದಲ್ಲಿ ಅದು ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲಿರುತ್ತದೆ. ತೆಂಗಿನಮರಗಳು ಅಡ್ಡ ಬಂದರೆ ಮುಗಿಯಿತು.

ಮಕ್ಕಳು ಪಪ್ಪಾಯಿ ಎಲೆಯ ದಂಟುಗಳನ್ನು ಅರ್ಧ ಅಡಿಗೆ ಕತ್ತರಿಸಿ ತಂದಿದ್ದರು. ಸಪ್ತರ್ಷಿ ಮಂಡಲದ ಪುಲಹ ಮತ್ತು ಕ್ರತು ನಕ್ಷತ್ರಗಳನ್ನು ಸೇರಿಸಿದ ಗೆರೆಯನ್ನು ಐದರಷ್ಟು ಮುಂದಕ್ಕೆ ಎಳೆದು, ಕೊನೆಗೆ ಸಿಮೆಟರಿಯ ಗೋಡೆಯ ಮೇಲೆ ಮಂಕಾಗಿ ಮಿನುಗುತ್ತಿದ್ದ ಚುಕ್ಕೆಯನ್ನು ಹಿಡಿದೆವು. ಒಂದು ದಂಟನ್ನು ಅದರತ್ತ ತಿರುಗಿಸಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಿಟಕಿಯ ಸರಳಿಗೆ ಕಟ್ಟಿದೆವು, ಇನ್ನೊಂದನ್ನು ದಕ್ಷಿಣದ ಕಡೆ ಹೊಳೆಯುತ್ತಿದ್ದ ಚಿತ್ರಾ ನಕ್ಷತ್ರದತ್ತ ಬೆಂಚಿನ ಕೈಗೆ ಕಟ್ಟಿದೆವು. ಆಮೇಲೆ ಜಪಸರ ಪ್ರಾರ್ಥನೆ, ಊಟ. ಒಂಬತ್ತು ಗಂಟೆಗೆ ಮರಳಿ ಬಂದಾಗ ಆ ತಾಯಿಯೂ ಬಂದಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮೊದಲು ಕಿಟಕಿಯ ದಂಟಿನಲ್ಲಿ ಕಣ್ಣಿಟ್ಟರು. “ಇದೆ ಫಾದರ್, ಅಲ್ಲೇ ಇದೆ” ಎಂದರು. ಬಳಿಕ ಬೆಂಚಿನ ಬಳಿ ಹೋಗಿ ನೋಡಿದರು, ದಂಟನ್ನು ಊದಿ ಮತ್ತೊಮ್ಮೆ ನೋಡಿದರು, ಆಮೇಲೆ ಮಗನನ್ನು ಕರೆದು, ನಕ್ಷತ್ರ ಎಲ್ಲಿಗೆ ಹೋಯಿತೋ ಎಂದು ಕೇಳಿದರು.